ಬಾವಲಿಗೆ ‘ಇನ್ನು ಹೊರಡು’ ಅಂತ ಹೇಳುವವರು ಯಾರು?

ಪ್ರಶ್ನೆ: ಸರ್, ನಮ್ಮದು ಕಾಸರಗೋಡು ಕಡೆಯ ಪೆರ್ಲದ ಹತ್ತಿರ ಅಡಿಕೆ ತೋಟ. ತೋಟದ ಮೇಲಿನ ಬನದಲ್ಲಿ ಒಂದು ಹಳೆಯ ಗೋಳಿಮರ ಇದೆ. ಅದರಲ್ಲಿ ನೂರಾರು ದೊಡ್ಡ ಬಾವಲಿಗಳು ನೇತಾಡುತ್ತವೆ. ಪತ್ತನಾಜೆ (ಮೇ ಕೊನೆಗೆ ಬರುವ, ತುಳುನಾಡಿನ ಆಟ, ಕೋಲಗಳೆಲ್ಲ ನಿಲ್ಲುವ ದಿನ) ಕಳೆದು ಮಳೆ ಹಿಡಿಯುವ ಹೊತ್ತಿಗೆ ಒಂದು ದಿನ ನೋಡಿದರೆ ಮರ ಖಾಲಿ. ದೀಪಾವಳಿ ದಾಟಿ ಅಡಿಕೆ ಹಣ್ಣಾಗುವಾಗ ಮತ್ತೆ ಹಾಜರು. ಹೊರಡುವ ದಿನ ಇವಕ್ಕೆ ಗೊತ್ತಾಗುವುದು ಹೇಗೆ? ಇದು ಹಕ್ಕಿಗಳ ವಲಸೆಯ ಹಾಗೆಯಾ? ನಿಫಾ ಭಯದಿಂದ ಮರ ಕಡಿಸುವ ಮಾತು ಮನೆಯಲ್ಲಿ ನಡೆಯುತ್ತಿದೆ. ಅದಕ್ಕೂ ಏನಾದರೂ ಹೇಳಿ.

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಬಾವಲಿ ಹೋಗುವುದನ್ನು ಪತ್ತನಾಜೆಯ ಲೆಕ್ಕದಲ್ಲಿ ಹೇಳಿದ್ದೀರಿ, ಬರುವುದನ್ನು ಅಡಿಕೆಯ ಲೆಕ್ಕದಲ್ಲಿ. ಒಂದು ಪಂಚಾಂಗದ್ದು, ಇನ್ನೊಂದು ಹಣ್ಣಿನದ್ದು. ಬಾವಲಿಗಳನ್ನು ಓದಿದವರೂ ಸುಮಾರು ನೂರು ವರ್ಷದಿಂದ ಇವೆರಡರ ನಡುವೆಯೇ ಓಡಾಡುತ್ತಿದ್ದಾರೆ.

ನಮ್ಮ ಯಕ್ಷಗಾನ ಮೇಳಗಳನ್ನೇ ನೋಡಿ. ತಿರುಗಾಟ ಯಾವಾಗ ಶುರು, ಯಾವಾಗ ಮುಗಿತಾಯ ಅನ್ನುವುದನ್ನು ಪಂಚಾಂಗ ಹೇಳುತ್ತದೆ. ಪತ್ತನಾಜೆಗೆ ಗೆಜ್ಜೆ ಬಿಚ್ಚಬೇಕು, ಅದರಲ್ಲಿ ಮಾತಿಲ್ಲ. ಆದರೆ ಇವತ್ತು ರಾತ್ರಿ ಆಟ ಎಲ್ಲಿ? ಅದು ಯಾರು ಹರಕೆ ಹೊತ್ತು ಕರೆದಿದ್ದಾರೋ ಅವರ ಗದ್ದೆಯಲ್ಲಿ. ಸಂಜೆ ಗುಡುಗು ಮಳೆ ಹೊಡೆದರೆ ಕರೆದಿದ್ದರೂ ಆಟ ಇಲ್ಲ. ಬಾವಲಿಯ ಪ್ರಯಾಣದಲ್ಲೂ ಈ ಮೂರೂ ಇವೆ: ಕಾಲದ ಲೆಕ್ಕ, ಊಟದ ಕರೆ, ಆ ರಾತ್ರಿಯ ಹವೆ. ಯಾವ ಊರಿನಲ್ಲಿ ಯಾವುದು ಮೇಲುಗೈ ಅನ್ನುವುದಷ್ಟೇ ವ್ಯತ್ಯಾಸ.

ಬಾವಲಿ ಅಂದರೆ ಒಂದೇ ಪ್ರಾಣಿ ಅಲ್ಲ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಗೋಳಿಮರದಲ್ಲಿರುವುದು ದೊಡ್ಡ ಹಣ್ಣು ಬಾವಲಿ. ನರಿಯ ಹಾಗೆ ಕೆಂಚು ಮುಖ, ರೆಕ್ಕೆ ಬಿಚ್ಚಿದರೆ ನಾಲ್ಕು ಅಡಿಗೂ ಮೇಲೆ, ತೂಕ ಒಂದು ಕಿಲೋ ದಾಟುತ್ತದೆ. ಇವು ಬಯಲಿನಲ್ಲೇ ನೇತಾಡುತ್ತವೆ. ಬಾಳೆಯ ಹೂವಿಗೆ, ಪೇರಳೆಗೆ ಬರುವ ಸಣ್ಣ ಹಣ್ಣು ಬಾವಲಿ ಬೇರೆ. ಅದು ಬೈನೆ ಮರದ ಅಥವಾ ತಾಳೆಯ ಎಲೆ ಕಚ್ಚಿ ಬಗ್ಗಿಸಿ, ಅದರ ಅಡಿಯಲ್ಲಿ ಗುಡಿಸಲು ಮಾಡಿಕೊಂಡು ಊರಲ್ಲೇ ಇರುತ್ತದೆ. ಇನ್ನು ಹುಳ ತಿನ್ನುವ ಪುಟ್ಟ ಬಾವಲಿಗಳು. ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ನಮ್ಮ ಸುರಂಗಗಳಲ್ಲಿ ಟಾರ್ಚ್ ಹಿಡಿದು ಬಗ್ಗಿಕೊಂಡು ಹೋದವರಿಗೆ ಅವುಗಳ ಪರಿಚಯ ಇದ್ದೇ ಇರುತ್ತದೆ. ಮುರಕಲ್ಲಿನ ಮಾಡಿನಿಂದ ಒಂದೊಂದೇ ನೇತಾಡುತ್ತಿರುತ್ತವೆ, ಬೆಳಕು ಬಿದ್ದ ಕೂಡಲೇ ಕಿವಿ ನಡುಗಿಸುತ್ತವೆ, ಮತ್ತೆ ನಿಮ್ಮ ತಲೆಗೂ ಗೋಡೆಗೂ ನಡುವಿನ ಒಂದು ಗೇಣು ಜಾಗದಲ್ಲಿ ಸರ್ರನೆ ಹಾರಿ ಹೋಗುತ್ತವೆ. ತಾಗುವುದಿಲ್ಲ. ಹಾಗಂತ ನಂಬಿಕೊಂಡು ನಿಲ್ಲಲು ನನಗೆ ಎರಡು ಮೂರು ವರ್ಷ ಹಿಡಿಯಿತು, ಅದು ಬೇರೆ ವಿಷಯ.

ವಲಸೆಯಲ್ಲಿ ಹೆಸರು ಮಾಡಿದವು ಚಳಿ ದೇಶದ ಬಾವಲಿಗಳು. ಯುರೋಪಿನಲ್ಲಿ ನಥೂಸಿಯಸ್ ಪಿಪಿಸ್ಟ್ರೆಲ್ ಅಂತ ಒಂದು ಇದೆ. ತೂಕ ಸುಮಾರು 8 ಗ್ರಾಂ. ಲಂಡನ್ನಿನಲ್ಲಿ 2016ರಲ್ಲಿ ಉಂಗುರ ತೊಡಿಸಿದ ಒಂದು ಹೆಣ್ಣು 2021ರಲ್ಲಿ ರಷ್ಯಾದ ಪ್ಸ್ಕೋವ್ ಪ್ರಾಂತ್ಯದಲ್ಲಿ ಸಿಕ್ಕಿತು, 2,018 ಕಿಲೋಮೀಟರ್ ದೂರ. ಪಾಪ, ಅಷ್ಟು ಹಾರಿ ಹೋಗಿ ಒಂದು ಬೆಕ್ಕಿನ ಬಾಯಿಗೆ ಬಿತ್ತು.

ಅಂಥ ಊರುಗಳಲ್ಲಿ ಕಾಲದ ಲೆಕ್ಕ ಕೊಡುವುದು ಹಗಲಿನ ಉದ್ದ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲಿಗೂ ಡಿಸೆಂಬರ್ ಹಗಲಿಗೂ ಎಂಟು ಗಂಟೆಗಿಂತ ಜಾಸ್ತಿ ವ್ಯತ್ಯಾಸ. ಬೇಸಿಗೆ ಇಳಿಯುತ್ತಾ ಹಗಲು ಗಿಡ್ಡ ಆಗುತ್ತಿದ್ದ ಹಾಗೆ ಬಾವಲಿಯ ಮೈಯೊಳಗೆ ಹಾರ್ಮೋನು ಬದಲಾಗುತ್ತದೆ. ಹಸಿವು ಹೆಚ್ಚುತ್ತದೆ, ಕೊಬ್ಬು ಕೂಡುತ್ತದೆ. ಪ್ರಯಾಣದ ಬುತ್ತಿ ಅದು. ಇಡೀ ದಿನ ಕತ್ತಲೆ ಗುಹೆಯಲ್ಲಿರುವ ಬಾವಲಿಗೆ ಹಗಲಿನ ಉದ್ದ ಹೇಗೆ ತಿಳಿಯುತ್ತದೆ ಅಂತ ನೀವು ಕೇಳಬಹುದು. ಸಂಜೆ ಒಂದು ಸುರಂಗದ ಬಾಯಿಯಿಂದ ಹತ್ತು ಮಾರು ಆಚೆ ಸುಮ್ನೆ ಕೂತು ನೋಡಿ. ಮುಳುಗುವ ಹೊತ್ತಿಗೆ ಒಂದೆರಡು ಬಾವಲಿ ಬಾಯಿಯವರೆಗೆ ಬರುತ್ತವೆ, ಒಂದು ಸುತ್ತು ಹೊಡೆದು ಒಳಗೆ ಹೋಗುತ್ತವೆ. ಮತ್ತೆ ಬರುತ್ತವೆ, ಮತ್ತೆ ಹೋಗುತ್ತವೆ. ಬೆಳಕು ಎಷ್ಟಿದೆ ಅಂತ ಇಣುಕಿ ನೋಡುವ ಕ್ರಮ ಅದು. ಮಳೆ ನಿಂತಿತಾ ಅಂತ ನಾವು ಚಾವಡಿಯಿಂದ ಅಂಗಳಕ್ಕೆ ಕೈ ಚಾಚುವುದಿಲ್ವಾ, ಹಾಗೆ. ಗಡಿಯಾರ ಸರಿ ಮಾಡಿಕೊಳ್ಳಲು ದಿನಕ್ಕೆ ಅಷ್ಟು ಬೆಳಕು ಸಾಕು.

ಆದರೆ ಈ ಲೆಕ್ಕವನ್ನು ಹಾಗೆಯೇ ತಂದು ಕಾಸರಗೋಡಿಗೆ ಅಂಟಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ವ್ಯತ್ಯಾಸ ಬರೀ ಒಂದೂವರೆ ಗಂಟೆ. ಹಿಮ ಬೀಳುವುದಿಲ್ಲ. ಹುಳ ಪೂರ್ತಿ ಮಾಯ ಆಗುವ ತಿಂಗಳು ಅಂತ ಇಲ್ಲ. ಚಳಿಗೆ ಹೆದರಿ ಓಡುವ ಅಗತ್ಯ ನಿಮ್ಮ ಗೋಳಿಮರದವರಿಗೆ ಇಲ್ಲವೇ ಇಲ್ಲ.

ಇನ್ನು ಹವೆ. ಹೊರಡಲು ಮೈ ತಯಾರಾಗುವುದು ಬೇರೆ, ಹೊರಡುವ ರಾತ್ರಿಯನ್ನು ಆರಿಸುವುದು ಬೇರೆ. ಇದರಲ್ಲಿ ಈಚೆಗೆ ಒಂದು ಚಂದದ ಕೆಲಸ ಆಗಿದೆ. ಯುರೋಪಿನ ನಾಕ್ಟ್ಯೂಲ್ ಅನ್ನುವ ಬಾವಲಿಯಲ್ಲಿ ಹೆಣ್ಣುಗಳು ವಸಂತದಲ್ಲಿ ಈಶಾನ್ಯದ ಕಡೆ ಹೋಗಿ ಮರಿ ಹಾಕುತ್ತವೆ. ಗಂಡುಗಳಲ್ಲಿ ಹೆಚ್ಚಿನವು ದಕ್ಷಿಣದಲ್ಲೇ ಉಳಿಯುತ್ತವೆ. ಸ್ವಿಟ್ಜರ್ಲೆಂಡಿನಲ್ಲಿ ಮೂರು ವರ್ಷ 71 ಹೆಣ್ಣು ಬಾವಲಿಗಳ ಬೆನ್ನಿಗೆ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ ತೂಗುವ ಪುಟ್ಟ ಯಂತ್ರ ಅಂಟಿಸಿ ಬಿಟ್ಟರು. ಫಲ 2025ರ ಜನವರಿಯಲ್ಲಿ ಪ್ರಕಟ ಆಯಿತು. ಒಂದು ಬಾವಲಿ ಒಂದೇ ರಾತ್ರಿ 383 ಕಿಲೋಮೀಟರ್ ಹಾರಿತ್ತು. ಕಾಸರಗೋಡಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿದ ಹಾಗೆ ಅಂದುಕೊಳ್ಳಿ, ಟಿಕೆಟ್ ಇಲ್ಲ ಅಷ್ಟೇ.

ಬೆರಗಿನ ಸಂಗತಿ ದೂರ ಅಲ್ಲ, ಅವು ಆರಿಸಿದ ರಾತ್ರಿ. ಸುಮಾರು ಬಾವಲಿಗಳು ಹೊರಟದ್ದು ಬಿರುಗಾಳಿ ಮಳೆ ಬರುವುದಕ್ಕೆ ಸ್ವಲ್ಪ ಮೊದಲಿನ ರಾತ್ರಿಗಳಲ್ಲಿ. ಹವೆ ಬೆಚ್ಚಗಾಗಿತ್ತು, ವಾಯುಭಾರ ಇಳಿಯುತ್ತಿತ್ತು, ಗಾಳಿ ಬೆನ್ನಿಗಿತ್ತು. ಮಳೆಯ ಮೋಡ ಹಿಂದಿನಿಂದ ನೂಕುತ್ತಿರುವಾಗ ಅದರ ಮುಂದೆ ಮುಂದೆ ಹೋಗುವ ಉಪಾಯ. ಆ ಹೆಣ್ಣುಗಳಿಗೆ ಅವಸರವೂ ಇದೆ. ಕೂಡುವುದು ಚಳಿಗಾಲಕ್ಕೆ ಮೊದಲು, ಆದರೆ ಗರ್ಭ ನಿಲ್ಲುವುದು ಚಳಿನಿದ್ದೆ ಮುಗಿದ ಮೇಲೆ. ತಡ ಮಾಡಿದಷ್ಟೂ ಹೊಟ್ಟೆ ಭಾರ. ಬೇಗ ಹೋಗಬೇಕು, ಆದರೆ ಒಳ್ಳೆ ಗಾಳಿಗೆ ಕಾಯಲೂ ಬೇಕು. ತುಂಬು ಬಸುರಿಯನ್ನು ಘಾಟಿ ರಸ್ತೆಯಲ್ಲಿ ತವರಿಗೆ ಕಳಿಸುವಾಗ ಮನೆಯವರು ದಿನ ನೋಡುತ್ತಾರಲ್ಲ, ಅದೇ ಸಂಕಟ.

ಅಮೆರಿಕದ ‘ಹೋರಿ’ (ಇಂಗ್ಲಿಷಿನ hoary, ಅಂದರೆ ನರೆಗೂದಲಿನ) ಬಾವಲಿಯಲ್ಲೂ ಹೀಗೆಯೇ. ಸ್ಯಾನ್ ಫ್ರಾನ್ಸಿಸ್ಕೋದ ಆಚೆ ಸಮುದ್ರದಲ್ಲಿ ಫ್ಯಾರಲಾನ್ ಅನ್ನುವ ದ್ವೀಪ ಇದೆ. ಶರತ್ಕಾಲದ ವಲಸೆಯಲ್ಲಿ ಅವು ಅಲ್ಲಿ ಇಳಿಯುವುದು ಹೆಚ್ಚಾಗಿ ಗಾಳಿ ಕಡಿಮೆ ಇದ್ದು, ಮೋಡ ಕವಿದು, ವಾಯುಭಾರ ಇಳಿದ ಕತ್ತಲೆ ರಾತ್ರಿಗಳಲ್ಲಿ.

‘ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ’ ಅಂತ ಮೇ ತಿಂಗಳಲ್ಲಿ ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದನ್ನು ಬಾವಲಿ ಪತ್ರಿಕೆ ಇಲ್ಲದೆಯೇ ತಿಳಿಯುತ್ತದೆ ಅನ್ನಿ. ಗುಹೆಯ ಆಳದಲ್ಲಿ ಬೆಳಕು, ಬಿಸಿ ಯಾವುದೂ ಬದಲಾಗದಿದ್ದರೂ ವಾಯುಭಾರ ಒಳಗೂ ಹೊರಗೂ ಒಂದೇ. ಅಮೆರಿಕದಲ್ಲಿ ಗುಹೆಯ ಪುಟ್ಟ ಬಾವಲಿಗಳನ್ನು ನೋಡಿದವರಿಗೆ, ವಾಯುಭಾರ ಇಳಿದ ಸಂಜೆ ಅವು ಹುಳ ಹಿಡಿಯಲು ಹೆಚ್ಚು ಸಂಖ್ಯೆಯಲ್ಲಿ ಹೊರಬರುವುದು ಕಂಡಿತ್ತು. ಅಂಥ ಸಂಜೆ ಹುಳಗಳೂ ಜಾಸ್ತಿ. ನಮ್ಮಲ್ಲಿ ಮೊದಲ ಮಳೆಗೆ ಹಾತೆ ಏಳುವ ಸಂಜೆ ದೀಪದ ಸುತ್ತ ಬಾವಲಿ ಹಾರಾಡುವುದನ್ನು ನೋಡಿಯೇ ಇರುತ್ತೀರಿ.

ಈಗ ಊಟದ ಕರೆ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ ಅಂತ ನನ್ನ ಅಭಿಪ್ರಾಯ.

ಆಫ್ರಿಕಾದ ಜಾಂಬಿಯಾದಲ್ಲಿ ಕಸಾಂಕಾ ರಾಷ್ಟ್ರೀಯ ಉದ್ಯಾನ ಇದೆ. ಅಲ್ಲಿಯ ಒಂದು ಸಣ್ಣ ಜೌಗು ಕಾಡಿಗೆ ಪ್ರತಿ ವರ್ಷ ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಹಣ್ಣು ಬಾವಲಿಗಳು ಬರುತ್ತವೆ. ಎಷ್ಟು? ಐವತ್ತು ಲಕ್ಷದಿಂದ ಒಂದು ಕೋಟಿ ಅಂತ ಅಂದಾಜು. ಕೊಂಬೆಗಳು ಭಾರಕ್ಕೆ ಮುರಿದು ಬೀಳುತ್ತವೆ. ಅಲ್ಲಿ ಮಳೆ ಶುರುವಾಗಿ ಕಾಡು ಹಣ್ಣುಗಳು ಒಟ್ಟಿಗೆ ಮಾಗುವ ಕಾಲ ಅದು. ಹಣ್ಣು ಮುಗಿಯಿತು, ಬಾವಲಿಯೂ ಹೋಯಿತು. ಅಲ್ಲಿಂದ ಉತ್ತರಕ್ಕೆ ಕಾಂಗೋ ಕಾಡಿನ ಕಡೆಗೆ ಸಾವಿರಾರು ಕಿಲೋಮೀಟರ್ ಹೋಗುವವೂ ಇವೆ. ಆಸ್ಟ್ರೇಲಿಯಾದ ಬಾವಲಿಗಳು ಇನ್ನೂ ವಿಚಿತ್ರ. ನಮ್ಮ ದೊಡ್ಡ ಬಾವಲಿಯ ದಾಯಾದಿಗಳೇ ಅವು. ನೀಲಗಿರಿ ಮರ ಎಲ್ಲಿ ಹೂ ಬಿಟ್ಟಿತೋ ಅಲ್ಲಿಗೆ ಹೋಗುತ್ತವೆ. ಆ ಮರಗಳು ಒಂದೊಂದು ವರ್ಷ ಒಂದೊಂದು ಕಡೆ ಹೂ ಬಿಡುವುದರಿಂದ ಬಾವಲಿಗೂ ಗೊತ್ತಾದ ದಾರಿ ಇಲ್ಲ, ಗೊತ್ತಾದ ದಿನ ಇಲ್ಲ. ಅಲೆಮಾರಿಗಳು. ವರ್ಷದಲ್ಲಿ ಸಾವಿರಾರು ಕಿಲೋಮೀಟರ್ ಅಲೆಯುತ್ತವೆ.

ನಿಮ್ಮ ಬನದವರು ಇವೆರಡರ ನಡುವೆ ಎಲ್ಲೋ ಇದ್ದಾರೆ. ನಮ್ಮೂರಿನ ಹಣ್ಣಿನ ಪಂಚಾಂಗ ಹಾಕಿ ನೋಡೋಣ. ಕಾರ್ತಿಕದಿಂದ ಅಡಿಕೆ ಹಳದಿ ಆಗಲು ಶುರು. ಮಕರ ಸಂಕ್ರಾಂತಿ ಹೊತ್ತಿಗೆ ಬೂರುಗದ ಹೂವು, ರಾತ್ರಿ ಅದರ ಬಟ್ಟಲಿನಲ್ಲಿ ಮಕರಂದ. ಫೆಬ್ರವರಿಯಿಂದ ಗುಡ್ಡೆಗಳಲ್ಲಿ ಗೇರುಹಣ್ಣು. ಮಾರ್ಚ್, ಏಪ್ರಿಲ್, ಮೇ ಅಂದರೆ ಕಾಟುಮಾವು, ಹೆಬ್ಬಲಸು, ನಡುನಡುವೆ ಗೋಳಿ ಅತ್ತಿ. ಆರು ತಿಂಗಳು ಊಟಕ್ಕೆ ಕೊರತೆ ಇಲ್ಲ. ಜೂನ್ ಹತ್ತಿರ ಬಂದ ಹಾಗೆ ಗೇರು ಮುಗಿಯಿತು, ಮಾವು ಮಳೆಗೆ ಕೊಳೆಯಿತು, ಅಡಿಕೆ ಎಳತು. ಅಲ್ಲಿಗೆ ಪತ್ತನಾಜೆ!

ಅಡಿಕೆಯ ಮಾತು ಬಂತಲ್ಲ, ಒಂದು ಬಾವಲಿ ಅಡಿಕೆಯನ್ನು ಹತ್ತಿರದಿಂದ ನೋಡಿ. ಕೊನೆಯಲ್ಲಿ ನೂರಾರು ಕಾಯಿ ಇದ್ದರೂ ಅದು ಕೀಳುವುದು ಚೆನ್ನಾಗಿ ಹಣ್ಣಾದ ಒಂದನ್ನು. ಕೊನೆಯ ಹತ್ತಿರ ಕೂತು ತಿನ್ನುವುದಿಲ್ಲ, ಬಾಯಲ್ಲಿ ಕಚ್ಚಿಕೊಂಡು ಬೇರೆ ಮರಕ್ಕೆ ಹೋಗುತ್ತದೆ. ಒಂದು ಕಾಲಲ್ಲಿ ನೇತಾಡಿ, ಇನ್ನೊಂದು ಕಾಲು ಮತ್ತು ಹೆಬ್ಬೆರಳಿನಿಂದ ಹಣ್ಣು ತಿರುಗಿಸುತ್ತಾ ಸಿಪ್ಪೆಯ ಸಿಹಿ ರಸವನ್ನು ಅಗಿದು ಹೀರಿ, ನಾರನ್ನು ಉಂಡೆ ಮಾಡಿ ಉಗುಳುತ್ತದೆ. ಒಳಗಿನ ಅಡಿಕೆ ಅದಕ್ಕೆ ಬೇಡ. ಬೆಳಿಗ್ಗೆ ಆ ಮರದ ಬುಡದಲ್ಲಿ ಸುಲಿದ ಅಡಿಕೆ, ಅದರ ಮೇಲೆ ಸಣ್ಣ ಹಲ್ಲಿನ ಗೀರು. ಮೂರು ತೋಟದ ಅಡಿಕೆ ಒಂದೇ ಮರದ ಬುಡದಲ್ಲಿ ಸಿಗುವುದೂ ಉಂಟು. ಚಿಕ್ಕಂದಿನಲ್ಲಿ ನಾವು ಅದನ್ನು ಹೆಕ್ಕಿ ಮಾರಿ ಜಾತ್ರೆಯ ಖರ್ಚಿಗೆ ಮಾಡಿಕೊಂಡಿದ್ದೆವು. ಯಾರ ಮರದ್ದು ಅಂತ ಬಾವಲಿಯೂ ಕೇಳಿರಲಿಲ್ಲ, ನಾವೂ ಕೇಳಲಿಲ್ಲ.

ಮಳೆಗಾಲದಲ್ಲಿ ಊಟ ಕಡಿಮೆ ಆಗುವುದರ ಜೊತೆ ಹಾರುವ ಖರ್ಚೂ ಏರುತ್ತದೆ. ಬಾವಲಿಯ ಮೈಯಲ್ಲಿ ಕೂದಲು, ಹಕ್ಕಿಯ ಹಾಗೆ ನೀರು ಜಾರುವ ಗರಿ ಅಲ್ಲ. ಒದ್ದೆಯಾದ ಬಾವಲಿಗೆ ಹಾರಲು ಒಣಗಿರುವಾಗಿನ ಎರಡರಷ್ಟು ಶಕ್ತಿ ಬೇಕು ಅಂತ ಸಣ್ಣ ಬಾವಲಿಗಳ ಮೇಲೆ ಅಳತೆ ಮಾಡಿದವರು 2011ರಲ್ಲಿ ಬರೆದಿದ್ದಾರೆ. ಆಟಿಯ ಮಳೆಯಲ್ಲಿ ಇಡೀ ರಾತ್ರಿ ದೂರ ಹೋಗಿ ಮೇದು ಬರುವ ಬದಲು ಮೇವು ಇರುವ ಕಡೆಯೇ ನೇತಾಡುವುದು ಲಾಭ. ಇದಕ್ಕೆ ವಲಸೆ ಅನ್ನುವ ದೊಡ್ಡ ಹೆಸರು ಬೇಕಾ ಅಂದರೆ, ಬೇಡ ಅಂತಲೇ ನಾನು ಹೇಳುವುದು. ಮನೆ ಬದಲಿಸುವುದು ಅನ್ನಿ ಸಾಕು. ಹಕ್ಕಿಗಳ ಹಾಗೆ ಒಂದು ದೇಶ ಬಿಟ್ಟು ಇನ್ನೊಂದಕ್ಕೆ, ಒಂದೇ ದಾರಿಯಲ್ಲಿ ಹೋಗಿ ಬರುವುದಲ್ಲ. ಆದರೆ ದೂರ ಹೋಗುವ ಶಕ್ತಿ ಈ ಬಳಗಕ್ಕೆ ಇಲ್ಲ ಅಂತ ತಿಳಿಯಬೇಡಿ. ಮಲೇಷ್ಯಾದ ದೊಡ್ಡ ಬಾವಲಿಗಳಿಗೆ ಉಪಗ್ರಹದ ಕಾಲರ್ ಕಟ್ಟಿದಾಗ ಸಮುದ್ರ ದಾಟಿ ಸುಮಾತ್ರಕ್ಕೆ, ಥಾಯ್ಲೆಂಡಿಗೆ ಹೋದವು ಇದ್ದವು.

‘ಒಂದು ದಿನ ನೋಡಿದರೆ ಮರ ಖಾಲಿ’ ಅಂದಿರಿ. ನಾನೂ ಹಾಗೆಯೇ ನಂಬಿದ್ದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದ ಕಾಲದಲ್ಲಿ ಇಬ್ಬರು ವಿದ್ಯಾರ್ಥಿಗಳ ಜೊತೆ ಮುಳ್ಳೇರಿಯದ ಕಡೆಯ ಒಂದು ಮರದ ಎದುರು ಗದ್ದೆಯಲ್ಲಿ ದಿನಾ ಸಂಜೆ ಕೂತಿದ್ದೆ. ಸೂರ್ಯ ಮುಳುಗಿ ಇಪ್ಪತ್ತು ಮೂವತ್ತು ನಿಮಿಷಕ್ಕೆ ಮೊದಲನೆಯದು ಏಳುತ್ತದೆ, ಮತ್ತೆ ಸಾಲು. ಬಸ್ ಕಂಡಕ್ಟರ್ ಟಿಕೆಟ್ ಎಣಿಸುವ ಹಾಗೆ ಎಣಿಸುವುದು. ಮೊದಲ ವಾರ ಮೂವರ ಲೆಕ್ಕವೂ ಬೇರೆ ಬೇರೆ. ಒಬ್ಬ ಸೀನಿದರೆ ಇಪ್ಪತ್ತು ಬಾವಲಿ ಹೋಯಿತು. ಅಂತೂ ಕೈ ಕುದುರಿದ ಮೇಲೆ ತಿಳಿದದ್ದು ಇಷ್ಟು: ಮರ ಒಂದೇ ದಿನ ಖಾಲಿ ಆಗುವುದಿಲ್ಲ. ಮೇ ನಡುವಿನಿಂದಲೇ ಸ್ವಲ್ಪ ಸ್ವಲ್ಪ ಕಡಿಮೆ ಆಗುತ್ತಾ ಬಂತು. ಅರ್ಧಕ್ಕರ್ಧ ಹೋಗುವವರೆಗೂ ಕೆಳಗಿನಿಂದ ನೋಡುವ ನಮಗೆ ಮರ ತುಂಬಿದ ಹಾಗೆಯೇ ಕಾಣುತ್ತಿತ್ತು. ಕೊನೆಗೆ ಉಳಿದ ಗುಂಪು ಹೋದದ್ದೇ ನಮ್ಮ ಕಣ್ಣಿಗೆ ಬಿದ್ದದ್ದು. ಆ ಗುಂಪಿನಲ್ಲಿ ಮರಿ ಇದ್ದ ತಾಯಂದಿರೇ ಹೆಚ್ಚು. ಅದಕ್ಕೆ ಕಾರಣ ಇದೆ. ದೊಡ್ಡ ಬಾವಲಿ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಬೇಸಿಗೆಯಲ್ಲಿ. ಮೊದಲ ಕೆಲವು ವಾರ ತಾಯಿ ಅದನ್ನು ಎದೆಗೆ ಕಚ್ಚಿಸಿಕೊಂಡೇ ಮೇವಿಗೆ ಹೋಗುತ್ತಾಳೆ. ಆಮೇಲೆ ಮರದಲ್ಲೇ ಬಿಟ್ಟು ಹೋಗಿ ಬರುತ್ತಾಳೆ. ಮರಿಗೆ ಹಾರಲು ಬರುವವರೆಗೆ ಅವಳಿಗೆ ಮರ ಬಿಡುವುದು ಕಷ್ಟ.

ಮರ ಕಡಿಸುವ ಮಾತು. ಬೇಡ ಮಾರಾಯ್ರೆ. ನಿಫಾ ವೈರಸ್ ಈ ದೊಡ್ಡ ಬಾವಲಿಯಲ್ಲಿ ಇರುವುದು ನಿಜ. 2018ರಲ್ಲಿ ಕೋಝಿಕ್ಕೋಡಿನಲ್ಲಿ ಕಾಯಿಲೆ ಬಂದಾಗ ಅಲ್ಲಿಯ ಬಾವಲಿಗಳಲ್ಲೂ ಅದು ಸಿಕ್ಕಿತ್ತು. ಆದರೆ ಮರ ಕಡಿದರೆ, ಪಟಾಕಿ ಹೊಡೆದರೆ ಬಾವಲಿ ಸಾಯುವುದಿಲ್ಲ, ಚದುರುತ್ತದೆ. ಒಂದು ಬನದಲ್ಲಿದ್ದವು ಹತ್ತು ಮನೆಯ ಹಿತ್ತಿಲಿಗೆ ಹಂಚಿಹೋಗುತ್ತವೆ. ಹೆದರಿದ, ಹಸಿದ ಬಾವಲಿಯ ಮೈಯಿಂದ ವೈರಸ್ ಹೊರಗೆ ಬೀಳುವುದು ಜಾಸ್ತಿ ಅನ್ನುವುದನ್ನು ಆಸ್ಟ್ರೇಲಿಯಾದವರು ಇದೇ ಕುಟುಂಬದ ಇನ್ನೊಂದು ವೈರಸ್ಸಿನಲ್ಲಿ ಕಂಡಿದ್ದಾರೆ. ನೀವು ಮಾಡಬೇಕಾದದ್ದು ಬೇರೆ. ಬಾವಲಿ ಕಚ್ಚಿದ ಪೇರಳೆ, ಮಾವು, ರಾಂಬುಟಾನ್ ತಿನ್ನಬೇಡಿ, ಮಕ್ಕಳಿಗೂ ಹೇಳಿ. ಬಾಯಿ ಮುಚ್ಚದ ಮಡಕೆಯ ಕಳ್ಳು ಬೇಡ. ಬಾವಲಿ ಅಡಿಕೆ ಹೆಕ್ಕುವುದಾದರೆ ಕೈಗವಸು ಹಾಕಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಹೆಕ್ಕಿದ್ದನ್ನು ಅಲ್ಲೇ ಕಚ್ಚಿ ನೋಡುವ ಅಭ್ಯಾಸ ಅಜ್ಜನ ಕಾಲಕ್ಕೆ ಮುಗಿಯಲಿ. ಸತ್ತ, ಕೆಳಗೆ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇನ್ನೊಂದು ಮಾತು: 1972ರ ವನ್ಯಜೀವಿ ಕಾನೂನಿನಲ್ಲಿ ಹಣ್ಣು ಬಾವಲಿಯನ್ನು ಇಲಿ, ಕಾಗೆಯ ಜೊತೆ ಉಪದ್ರವಿಗಳ ಪಟ್ಟಿಗೆ ಸೇರಿಸಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಆದ್ದರಿಂದ ಕೋವಿ ತೆಗೆಯುವ ಹಿರಿಯರು ಮನೆಯಲ್ಲಿದ್ದರೆ ಸ್ವಲ್ಪ ಸಮಾಧಾನ ಹೇಳಿ.

ಸಾಧ್ಯವಾದರೆ ಬರುವ ಏಪ್ರಿಲ್‌ನಿಂದ ಒಂದು ಕೆಲಸ ಮಾಡಿ. ಒಂದು ಪುಸ್ತಕ ಇಡಿ. ವಾರಕ್ಕೆ ಎರಡು ಸಂಜೆ ಸಾಕು. ಮರದ ಅಡಿಯಲ್ಲಿ ಬೇಡ, ದೂರದ ಗುಡ್ಡೆಯಲ್ಲಿ ಆಕಾಶ ಕಾಣುವ ಕಡೆ ನಿಲ್ಲಿ. ಎಷ್ಟು ಎದ್ದವು, ಯಾವ ದಿಕ್ಕಿಗೆ ಹೋದವು, ಆ ವಾರ ಸುತ್ತಮುತ್ತ ಯಾವ ಹಣ್ಣು ಇತ್ತು, ಮಳೆ ಬಂತಾ, ಸೆಖೆ ಹೇಗಿತ್ತು ಅಂತ ಬರೆಯಿರಿ. ಹೊಟ್ಟೆ ಯಾವ ಕಡೆ ತುಂಬುತ್ತಿದೆ ಅಂತ ದಿಕ್ಕು ಹೇಳುತ್ತದೆ. ಗೇರಿನ ಕಾಲದಲ್ಲಿ ಗುಡ್ಡೆಯ ಕಡೆ ಹೋಗುವ ಸಾಲು ಮೇ ತಿಂಗಳಲ್ಲಿ ಬೇರೆ ಕಡೆ ತಿರುಗಿದರೆ ಆ ತಾರೀಕಿನ ಕೆಳಗೆ ಗೆರೆ ಎಳೆಯಿರಿ. ಮೂರು ವರ್ಷದ್ದು ಒಟ್ಟಾದ ಮೇಲೆ ಪುಸ್ತಕ ನನಗೆ ಕಳಿಸಿ, ಮರ ಖಾಲಿ ಆದದ್ದು ಮಾವು ಮುಗಿದದ್ದಕ್ಕಾ ಅಥವಾ ಮಳೆ ಬಂದದ್ದಕ್ಕಾ ಅಂತ ಇಬ್ಬರೂ ಕೂತು ಜಗಳ ಮಾಡೋಣ.